ವಿಷಯಕ್ಕೊಂದು ಜಾಗ ಕೊಡಿ: ಚೀಟಿ, ಗೆರೆ, ನಕ್ಷೆ ಹಿಡ್ಕೊಂಡು ವಿಚಾರ ಜೋಡಿಸುವುದು ಹೇಗೆ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ತಂಗಿಯ ಮಗಳು ಡೊಂಬಿವಲಿಯ ನಮ್ಮ ಮನೆಗೆ ಎರಡು ಚೀಲ ಹೊತ್ಕೊಂಡು ಬಂದ್ಲು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಬರೀ ಕಾಗದ. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಮಾಡ್ತಾ ಇದ್ದಾಳೆ, ಮುಂಬೈಗೆ ಬಂದ ನಮ್ಮ ಕರಾವಳಿಯ ಹೋಟೆಲಿನವರ ಬಗ್ಗೆ ಕಿರುಪ್ರಬಂಧ ಬರೀಬೇಕು. 31 ಜನರನ್ನು ಮಾತಾಡಿಸಿ ಆಗಿತ್ತು, ಮೂರು ನೋಟ್‌ಬುಕ್ ತುಂಬಿತ್ತು, ಫೋನಿನಲ್ಲಿ ರೆಕಾರ್ಡಿಂಗ್, ಹಳೇ ಸ್ಮರಣ ಸಂಚಿಕೆಗಳ ಝೆರಾಕ್ಸ್, ಎಲ್ಲಾ ಉಂಟು, ಆದ್ರೆ ಬರೀಲಿಕ್ಕೆ ಕೂತ್ರೆ ಒಂದು ಪುಟ ಮುಂದೆ ಹೋಗ್ತಾ ಇರ್ಲಿಲ್ಲ. "ದೊಡ್ಡಮ್ಮ, ಎಲ್ಲಾ ಗೊತ್ತುಂಟು, ಎಲ್ಲಿಂದ ಶುರು ಮಾಡುದು ಅಂತ ಮಾತ್ರ ಗೊತ್ತಾಗುದಿಲ್ಲ" ಅಂದ್ಲು, ಕಣ್ಣಲ್ಲಿ ನೀರಿತ್ತು.

ನಾನು ಟೀಪಾಯಿ ಎತ್ತಿ ಬಾಲ್ಕನಿಗೆ ಇಟ್ಟೆ, ಹಾಲಿನ ನೆಲ ಖಾಲಿ ಮಾಡಿದೆ. 22 ವರ್ಷ ಒಂದು ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಕಾಗದಪತ್ರದ ಕೆಲಸ ಮಾಡಿದವಳು ನಾನು, ಅಲ್ಲಿ ಕಲಿತದ್ದು ಒಂದೇ: ಯಾವ ವಿಷಯಕ್ಕೆ ಕಣ್ಣಿಗೆ ಕಾಣುವ ಒಂದು ಜಾಗ ಇಲ್ಲವೋ ಆ ವಿಷಯ ತಲೆಯಲ್ಲಿ ಸುತ್ತುತ್ತಾ ಇರ್ತದೆ, ಕೈಗೆ ಸಿಗುದಿಲ್ಲ. ಜಾಗ ಕೊಟ್ರೆ ಕೂತ್ಕೊಳ್ತದೆ. ಅವಳ ಜೊತೆ ಆ ಹತ್ತು ದಿನ ಮಾಡಿದ್ದನ್ನೇ ಇಲ್ಲಿ ಬರೀತಾ ಇದ್ದೇನೆ. ಪ್ರಬಂಧ ಆಗ್ಲಿ, ಮಗಳ ಮದುವೆ ತಯಾರಿ ಆಗ್ಲಿ, ಹೊಸ ಅಂಗಡಿ ಹಾಕುವ ಯೋಚನೆ ಆಗ್ಲಿ, ಕ್ರಮ ಒಂದೇ.

ಇದು ಯಾಕೆ ಕೆಲಸ ಮಾಡ್ತದೆ ಅಂತ ಮೊದಲು ಹೇಳ್ತೇನೆ, ಯಾಕಂದ್ರೆ ನಂಬಿಕೆ ಬರದೆ ಯಾರೂ ನೆಲದ ಮೇಲೆ ಕೂತು ಚೀಟಿ ಹರಡುದಿಲ್ಲ. ನಮ್ಮ ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ತುಂಬಾ ಕಮ್ಮಿ. 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಸುಮಾರು ಏಳು ಸಂಗತಿ ಅಂದಿದ್ರು, 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರ ತಂದಿಟ್ರು. ನಾಲ್ಕು! 31 ಜನರ ಕಥೆ ನಾಲ್ಕು ಗೂಡಿನಲ್ಲಿ ಎಲ್ಲಿ ಹಿಡಿಸ್ಬೇಕು? ಆದ್ರೆ ಜಾಗದ ನೆನಪು ಬೇರೆ ಥರ. ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ "ನಾನೀಗ ಎಲ್ಲಿದ್ದೇನೆ" ಅಂತ ಗುರುತಿಸುವ ಕೋಶಗಳುಂಟು ಅಂತ ಜಾನ್ ಓಕೀಫ್ 1971ರಲ್ಲೇ ತೋರಿಸಿದ್ರು, ಅದಕ್ಕೆ 2014ರಲ್ಲಿ ಮೋಸರ್ ದಂಪತಿ ಜೊತೆ ನೊಬೆಲ್ ಬಂತು. ಲಂಡನ್ನಿನ ಟ್ಯಾಕ್ಸಿ ಚಾಲಕರು ಸಾವಿರಾರು ರಸ್ತೆ ಬಾಯಿಪಾಠ ಮಾಡ್ಬೇಕಾಗ್ತದೆ, ಅವರ ಮಿದುಳಿನಲ್ಲಿ ಇದೇ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು ಅಂತ 2000ದಲ್ಲಿ ಎಲಿನಾರ್ ಮ್ಯಾಗ್ವೈರ್ ಅವರ ತಂಡ ಕಂಡುಕೊಂಡಿತು.

ಲಂಡನ್ ಯಾಕೆ, ನಮ್ಮಲ್ಲೇ ನೋಡಿ. ದಾದರಿನಲ್ಲಿ ಸೇತುವೆ ಮೆಟ್ಟಿಲ ಎದುರಿಗೇ ಇಳೀಬೇಕಾದ್ರೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಯಾವ ಕಂಬದ ಹತ್ತಿರ ನಿಲ್ಬೇಕು ಅಂತ ದಿನಾ ಲೋಕಲ್ ಹಿಡಿಯುವ ಯಾರನ್ನಾದ್ರೂ ಕೇಳಿ, ಯೋಚನೆ ಮಾಡದೆ ಹೇಳ್ತಾರೆ. ಅದನ್ನು ಯಾರೂ ಬರೆದಿಟ್ಟು ಓದಿದ್ದಲ್ಲ. ಕಾಲು ಮತ್ತು ಕಣ್ಣು ಕಲಿತದ್ದು. ಆ ಶಕ್ತಿ ನಮಗೆಲ್ಲ ಪುಕ್ಕಟೆ ಸಿಕ್ಕಿದೆ, ಅದನ್ನು ವಿಚಾರ ಜೋಡಿಸ್ಲಿಕ್ಕೆ ಬಳಸಿಕೊಳ್ಳುದು ಅಷ್ಟೇ.

ಬೇಕಾದ ಸಾಮಾನು

ಬ್ಯಾಂಕಿನವರು ಕೊಡುವ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಖಾಲಿ ಇದ್ರೆ ಅದಕ್ಕಿಂತ ಒಳ್ಳೆ ಕಾಗದ ಇಲ್ಲ, ದೊಡ್ಡದು, ದಪ್ಪ, ದುಡ್ಡಿಲ್ಲ. ಅಂಟು ಚೀಟಿ ಸ್ಟೇಷನರಿ ಅಂಗಡಿಯಲ್ಲಿ ಸಿಗ್ತದೆ, ಸಿಗದಿದ್ರೆ ಒಂದು ಬದಿ ಪ್ರಿಂಟ್ ಆದ ರದ್ದಿ ಹಾಳೆಯನ್ನು ಎಂಟು ತುಂಡು ಮಾಡಿದ್ರೂ ಸಾಕು. ಫ್ಯಾನ್ ಮಾತ್ರ ಆಫ್ ಮಾಡ್ಬೇಕಾಗ್ತದೆ. ಒಂದು ಪೆನ್ಸಿಲ್, ಮೂರು ಬಣ್ಣದ ಸ್ಕೆಚ್ ಪೆನ್. "ನನಗೆ ಡ್ರಾಯಿಂಗ್ ಬರುದಿಲ್ಲ" ಅಂತ ಹಿಂಜರೀಬೇಡಿ, ಚೌಕ, ಗೆರೆ, ಬಾಣ ಇಷ್ಟೇ ಬೇಕಾದದ್ದು. ಕಣ್ಣು ಮುಚ್ಚಿದ್ರೆ ಮನಸ್ಸಿನಲ್ಲಿ ಚಿತ್ರವೇ ಮೂಡದವರೂ ಇರ್ತಾರೆ, ಅದಕ್ಕೆ 2015ರಲ್ಲಿ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟಿದ್ದಾರೆ. ಅಂಥವರೂ ಇದನ್ನು ಮಾಡ್ಬಹುದು, ಯಾಕಂದ್ರೆ ಚಿತ್ರ ಇರುದು ಕಾಗದದ ಮೇಲೆ, ತಲೆಯಲ್ಲಿ ಅಲ್ಲ.

ಮೊದಲು: ಒಂದು ಚೀಟಿಗೆ ಒಂದೇ ಮಾತು

ಎಲ್ಲರೂ ಎಡವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೇನೆ. ನಮ್ಮ ಹುಡುಗಿ ಮೊದಲ ಅರ್ಧ ಗಂಟೆಯಲ್ಲಿ ಬರೆದ ಚೀಟಿಗಳು ಹೀಗಿದ್ದವು: "ನೀರು", "ರಾತ್ರಿ ಶಾಲೆ", "ಊರು", "ಸಂಬಳ". ಇವು ಹೆಸರುಗಳು ಮಾತ್ರ. ಮಾರನೇ ದಿನ ನೋಡಿದ್ರೆ ಯಾಕೆ ಬರೆದೆ ಅಂತ ಬರೆದವಳಿಗೇ ನೆನಪಿರುದಿಲ್ಲ. "ನೀರಿನ ಬಗ್ಗೆ ಅವರು ಏನು ಹೇಳಿದ್ರು?" ಅಂತ ಕೇಳಿದೆ. ಅವಳು ನೋಟ್‌ಬುಕ್ ತೆಗೆದು ಓದಿ ಹೊಸ ಚೀಟಿ ಬರೆದ್ಲು: "ಚಾಳಿನಲ್ಲಿ ನೀರು ಬೆಳಗಿನ ಜಾವ 4ಕ್ಕೆ ಬರ್ತಿತ್ತು, ಹೋಟೆಲಿನ ಹುಡುಗರು 3ಕ್ಕೇ ಎದ್ದು ಸಾಲು ಹಿಡೀತಿದ್ರು." ಈಗ ಚೀಟಿ ಮಾತಾಡ್ತದೆ. ಇದನ್ನು ನೀರಿನ ಪಕ್ಕವೂ ಇಡ್ಬಹುದು, ನಿದ್ದೆಯ ಪಕ್ಕವೂ ಇಡ್ಬಹುದು, ಹುಡುಗರ ಪ್ರಾಯದ ಪಕ್ಕವೂ ಇಡ್ಬಹುದು.

ಹಾಗಾಗಿ ಚೀಟಿಯಲ್ಲಿ ಪೂರ್ತಿ ವಾಕ್ಯ ಇರ್ಲಿ, ಕ್ರಿಯಾಪದ ಇರ್ಲಿ, ಹತ್ತು ಹನ್ನೆರಡು ಶಬ್ದ ದಾಟದೆ ಇರ್ಲಿ. ಮೂಲೆಯಲ್ಲಿ ಸಣ್ಣದಾಗಿ ಎಲ್ಲಿಂದ ಬಂತು ಅಂತ ಗುರುತು ಹಾಕಿ, "ನೋ 2, ಪುಟ 14" ಅಂತ. ಇದನ್ನು ತಪ್ಪಿಸಿದ್ರೆ ಕೊನೆಗೆ ಪ್ರತಿಯೊಂದಕ್ಕೂ ಮೂರು ನೋಟ್‌ಬುಕ್ ತಿರುವಿ ಹಾಕ್ಬೇಕಾಗ್ತದೆ. ಬರೆಯುವಾಗ "ಇದು ಬೇಕಾ ಬೇಡವಾ" ಅಂತ ಆರಿಸ್ಲಿಕ್ಕೆ ಹೋಗ್ಬೇಡಿ, ಆರಿಸುವ ಕೆಲಸ ನೆಲದ್ದು. ಅವಳದ್ದು ಎರಡು ದಿನದಲ್ಲಿ 140 ಚೀಟಿ ಆಯ್ತು.

ಆಮೇಲೆ: ಹೆಸರಿಡದೆ ಹತ್ತಿರ ಹತ್ತಿರ ಇಡುವುದು

ಈ ಹೆಜ್ಜೆ ನನ್ನದಲ್ಲ, ಜಪಾನಿನ ಜಿರೋ ಕವಾಕಿತಾ ಅವರದ್ದು. ಅವರು ಮಾನವಶಾಸ್ತ್ರಜ್ಞರು, ನೇಪಾಳದ ಹಳ್ಳಿಗಳಲ್ಲಿ ತಿರುಗಿ ತಂದ ರಾಶಿ ರಾಶಿ ಟಿಪ್ಪಣಿಯನ್ನು ಏನು ಮಾಡುದು ಅಂತ ಗೊತ್ತಾಗದೆ, ಚೀಟಿ ಮಾಡಿ ಹರಡಿ, ಒಂದಕ್ಕೊಂದು ನಂಟು ಕಂಡದ್ದನ್ನು ಹತ್ತಿರ ಇಡುವ ಕ್ರಮ ಮಾಡಿಕೊಂಡ್ರು. 1960ರ ದಶಕದಲ್ಲಿ ಅದು ಅವರ ಹೆಸರಿನ ಅಕ್ಷರಗಳಿಂದಲೇ ಕೆಜೆ ಕ್ರಮ ಅಂತ ಪ್ರಸಿದ್ಧಿ ಆಯ್ತು, ಈಗ ದೊಡ್ಡ ದೊಡ್ಡ ಕಂಪೆನಿಗಳಲ್ಲೂ ನಡೀತದೆ.

ಇದರ ಗುಟ್ಟು ಏನಂದ್ರೆ ಗುಂಪಿಗೆ ಮೊದಲು ಹೆಸರಿಡಬಾರದು. ಹೆಸರು ಮೊದಲು ಇಟ್ರೆ ಹಳೇ ಡಬ್ಬಕ್ಕೆ ಹೊಸ ಸಾಮಾನು ತುಂಬಿಸಿದ ಹಾಗೆ ಆಗ್ತದೆ, "ಆರ್ಥಿಕ", "ಸಾಮಾಜಿಕ", "ಸಾಂಸ್ಕೃತಿಕ" ಅಂತ ಮೂರು ಡಬ್ಬ ಸಿದ್ಧ ಇರ್ತದಲ್ವಾ, ಎಲ್ಲಾ ಪ್ರಬಂಧಗಳೂ ಅದರೊಳಗೇ ಹೋಗಿ ಬೀಳ್ತವೆ. ಚೀಟಿಗಳನ್ನು ಮೊದಲು ಇಸ್ಪೀಟಿನ ಹಾಗೆ ಕಲಸಿ, ಎಲ್ಲವನ್ನೂ ಹರಡಿ, ಒಂದು ಚೀಟಿ ಎತ್ತಿ, ಇದರ ಜೊತೆ ಯಾವುದು ಕೂರ್ತದೆ ಅಂತ ಸುಮ್ಮನೆ ನೋಡಿ. ಇಬ್ಬರು ಮಾಡುದಾದ್ರೆ ಈ ಹೊತ್ತಿನಲ್ಲಿ ಮಾತು ಬೇಡ. ನಾವಿಬ್ಬರು ಒಂದು ಗಂಟೆ ಮಾತಾಡದೆ ಬರೀ ಚೀಟಿ ಜರುಗಿಸಿದೆವು, ಇವರು ಒಳಗೆ ಬಂದು ಜಗಳ ಆಗಿದೆಯಾ ಅಂತ ಕೇಳಿದ್ರು.

ನಾನು ಇಟ್ಟ ಚೀಟಿಯನ್ನು ಅವಳು ಎತ್ತಿ ಬೇರೆ ಕಡೆ ಇಡ್ತಾಳೆ, ನಾನು ವಾಪಸ್ ತರ್ತೇನೆ, ಹೀಗೆ ಎರಡು ಮೂರು ಸಲ ಅತ್ತಿತ್ತ ಹೋದ ಚೀಟಿ ಉಂಟಲ್ಲ, ಅದು ಬಂಗಾರ. ಅದಕ್ಕೆ ಎರಡು ಪ್ರತಿ ಮಾಡಿ ಎರಡೂ ಕಡೆ ಇಡಿ. ನಮ್ಮಲ್ಲಿ ಹಾಗೆ ಓಡಾಡಿದ್ದು ಒಬ್ಬರು ಹಿರಿಯರ ಮಾತು, "ರಾತ್ರಿ ಶಾಲೆಗೆ ಹೋದದ್ದು ಓದ್ಲಿಕ್ಕೆ ಅಲ್ಲ ಮಗಾ, ಅಲ್ಲಿ ಫ್ಯಾನ್ ಇತ್ತು, ನಮ್ಮ ಊರಿನವರು ಸಿಗ್ತಿದ್ರು" ಅಂತ. ಅವಳು ಅದನ್ನು ಶಿಕ್ಷಣದ ಹತ್ತಿರ ಇಟ್ಟಳು, ನಾನು ಊರಿನ ನೆನಪಿನ ಹತ್ತಿರ ಇಟ್ಟೆ. ಕೊನೆಗೆ ಆ ಒಂದು ಚೀಟಿಯಿಂದಲೇ ಅವಳ ಮೂರನೇ ಅಧ್ಯಾಯ ಹುಟ್ಟಿದ್ದು.

ಯಾವ ಗುಂಪಿಗೂ ಸೇರದ ಚೀಟಿ ಉಳೀತದೆ, ಒತ್ತಾಯ ಮಾಡಿ ತುರುಕಬೇಡಿ, ಬದಿಗೆ ಒಂಟಿಯಾಗಿ ಇರ್ಲಿ. ಒಂದು ಗುಂಪಿನಲ್ಲಿ ಹದಿನೈದು ಇಪ್ಪತ್ತು ಚೀಟಿ ಆದ್ರೆ ಅದು ಗುಂಪಲ್ಲ, ನೀವು ಇನ್ನೂ ಸರಿಯಾಗಿ ನೋಡ್ಲಿಲ್ಲ ಅಂತ ಅರ್ಥ, ಒಡೀರಿ. ಎಲ್ಲಾ ಕೂತ ಮೇಲೆ ಪ್ರತಿ ಗುಂಪಿನ ತಲೆ ಮೇಲೆ ಬೇರೆ ಬಣ್ಣದಲ್ಲಿ ಒಂದು ವಾಕ್ಯ ಬರೀರಿ, ಅದೂ ಕ್ರಿಯಾಪದ ಇರುವ ವಾಕ್ಯ.

ಈಗ ಆಕಾರ

ಗುಂಪು ಆದ ಮೇಲೆ ಅದನ್ನು ಯಾವ ಆಕಾರದಲ್ಲಿ ಜೋಡಿಸುದು ಅನ್ನುವ ಪ್ರಶ್ನೆ ಬರ್ತದೆ. ನಡುವೆ ಒಂದು ವೃತ್ತ, ಸುತ್ತ ಕೊಂಬೆ ಹೊರಟಿರುವ ಮೈಂಡ್ ಮ್ಯಾಪ್ ಎಲ್ಲರಿಗೂ ಗೊತ್ತುಂಟು, ಶಾಲೆಗಳಲ್ಲೂ ಮಾಡಿಸ್ತಾರೆ. ಅದು ಶುರುವಿಗೆ ಒಳ್ಳೇದು, ಆದ್ರೆ ಎಲ್ಲದಕ್ಕೂ ಅದನ್ನೇ ಹಿಡ್ಕೊಳ್ಳುದು ಸರಿಯಲ್ಲ ಅಂತ ನನ್ನ ಅನಿಸಿಕೆ, ಯಾಕಂದ್ರೆ ಅದರಲ್ಲಿ ಎಲ್ಲಾ ಕೊಂಬೆಗೂ ಒಂದೇ ತೂಕ, ಮತ್ತೆ ಒಂದು ಕೊಂಬೆಗೂ ಇನ್ನೊಂದು ಕೊಂಬೆಗೂ ಏನು ಸಂಬಂಧ ಅಂತ ಅದು ಹೇಳುದಿಲ್ಲ. ನಿಮ್ಮ ಪ್ರಶ್ನೆ ಏನು ಅಂತ ನೋಡಿ ಆಕಾರ ಆರಿಸಿ.

"ಯಾವಾಗ" ಅನ್ನುವುದು ಮುಖ್ಯ ಆದ್ರೆ ಉದ್ದ ಗೆರೆ ಎಳೀರಿ. ನಾವು ನಾಲ್ಕು ಕ್ಯಾಲೆಂಡರ್ ಹಾಳೆ ಅಂಟಿಸಿ ಅಡುಗೆಮನೆ ಬಾಗಿಲಿನವರೆಗೆ ಗೆರೆ ಎಳೆದೆವು. ಗೆರೆಯ ಮೇಲ್ಬದಿಗೆ ಊರಿಗೆಲ್ಲ ಗೊತ್ತಿರುವ ಸಂಗತಿ: 1902 ಮೊಗವೀರ ವ್ಯವಸ್ಥಾಪಕ ಮಂಡಳಿ, 1926 ಮಾಟುಂಗಾದ ಮೈಸೂರು ಅಸೋಸಿಯೇಷನ್, 1942 ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1956 ರಾಜ್ಯಗಳ ಪುನರ್ವಿಂಗಡಣೆ, 1960 ಮೇ 1 ಮಹಾರಾಷ್ಟ್ರ, 1982 ಜನವರಿಯಲ್ಲಿ ಶುರುವಾದ ಬಟ್ಟೆ ಗಿರಣಿ ಮುಷ್ಕರ, 1998 ಕೊಂಕಣ ರೈಲು. ಕೆಳಬದಿಗೆ ಅವಳು ಮಾತಾಡಿಸಿದವರ ಜೀವನದ ಸಂಗತಿ, ಇಂಥವರು ಬಂದದ್ದು, ಕ್ಯಾಂಟೀನ್ ಬಿಟ್ಟದ್ದು, ಸ್ವಂತ ಹೋಟೆಲ್ ಹಾಕಿದ್ದು. ಮೇಲೆ ಕೆಳಗೆ ಎರಡನ್ನೂ ಒಟ್ಟಿಗೆ ಕಂಡಾಗ್ಲೇ ಗೊತ್ತಾದದ್ದು, ಅವಳು ಮಾತಾಡಿಸಿದವರಲ್ಲಿ ಐದು ಜನ 1982ರಿಂದ 85ರ ಒಳಗೆ ಗಿರಣಿಗಳಿದ್ದ ಪರೇಲ್, ಲಾಲ್‌ಬಾಗ್ ಬಿಟ್ಟು ಥಾಣೆ, ಡೊಂಬಿವಲಿ ಕಡೆ ಬಂದಿದ್ರು. ಐವರೂ ಬೇರೆ ಬೇರೆ ದಿನ, ಬೇರೆ ಬೇರೆ ಮಾತಿನಲ್ಲಿ ಹೇಳಿದ್ದು, ನೋಟ್‌ಬುಕ್ಕಿನಲ್ಲಿ ಅದು ಐದು ಕಡೆ ಚದುರಿತ್ತು. ಮುಷ್ಕರಕ್ಕೆ ಇಳಿದ ಗಿರಣಿ ಕಾರ್ಮಿಕರು ಸುಮಾರು ಎರಡೂವರೆ ಲಕ್ಷ, ಊಟಕ್ಕೆ ಬರುವವರೇ ಇಲ್ಲದಾಗ ಹೋಟೆಲಿನವರು ಏನು ಮಾಡ್ಬೇಕು?

"ಎಲ್ಲಿ" ಅನ್ನುವುದು ಮುಖ್ಯ ಆದ್ರೆ ನಕ್ಷೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನುವ ಡಾಕ್ಟರು ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಕಪ್ಪು ಗೆರೆಗಳಾಗಿ ಗುರುತು ಹಾಕಿದ್ರು, ಗೆರೆಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡದ್ದು ಕಂಡಿತು. ಕಾಯಿಲೆ ಗಾಳಿಯಿಂದ ಬರ್ತದೆ ಅಂತ ಎಲ್ಲರೂ ನಂಬಿದ ಕಾಲ ಅದು. ನಿಮ್ಮ ನಕ್ಷೆ ಅಳತೆಗೆ ಸರಿಯಾಗಿ ಇರ್ಬೇಕು ಅಂತಿಲ್ಲ. ಲಂಡನ್ ಟ್ಯೂಬ್ ರೈಲಿಗೆ ಹ್ಯಾರಿ ಬೆಕ್ ಮಾಡಿದ ನಕ್ಷೆ 1933ರಲ್ಲಿ ಬಂತು, ಅದರಲ್ಲಿ ನಿಜವಾದ ದೂರವನ್ನೇ ಬಿಟ್ಟು ಯಾವುದರ ನಂತರ ಯಾವುದು, ಎಲ್ಲಿ ಗಾಡಿ ಬದಲಿಸ್ಬೇಕು ಇಷ್ಟನ್ನು ನೇರ ಗೆರೆಗಳಲ್ಲಿ ಇಟ್ರು, ಪ್ರಯಾಣಿಕನಿಗೆ ಬೇಕಾದದ್ದೂ ಅಷ್ಟೇ. ಯಾವುದನ್ನು ಬಿಡ್ಬೇಕು ಅಂತ ತೀರ್ಮಾನ ಮಾಡುದೇ ನಕ್ಷೆಯ ಅರ್ಧ ಕೆಲಸ.

ಹೋಲಿಸ್ಲಿಕ್ಕೆ ಉಂಟು ಅಂತಾದ್ರೆ ಕೋಷ್ಟಕ. ಎಡಗಡೆ ಒಬ್ಬೊಬ್ಬರ ಹೆಸರು, ಮೇಲೆ ಪ್ರಶ್ನೆಗಳು: ಯಾವ ಪ್ರಾಯದಲ್ಲಿ ಬಂದ್ರು, ಮೊದಲ ಕೆಲಸ ಏನು, ಎಲ್ಲಿ ಮಲಗ್ತಿದ್ರು, ಊರಿಗೆ ಮನಿಯಾರ್ಡರ್ ಎಷ್ಟು, ಹೆಂಡತಿ ಮಕ್ಕಳು ಎಲ್ಲಿದ್ರು. ಇದನ್ನು ತುಂಬಿಸುವಾಗ ನಮ್ಮ ಹುಡುಗಿ ಒಮ್ಮೆಲೇ ಕೈ ನಿಲ್ಲಿಸಿದ್ಲು. ಕೊನೆಯ ಕಾಲಂ ಮೇಲಿಂದ ಕೆಳಗಿನವರೆಗೆ ಖಾಲಿ. 31 ಜನರಲ್ಲಿ ಹೆಂಗಸರು ಇಬ್ಬರೇ, ಉಳಿದವರ ಹತ್ತಿರ ಮನೆಯವರ ಬಗ್ಗೆ ಕೇಳಿಯೇ ಇರ್ಲಿಲ್ಲ. ಮನಿಯಾರ್ಡರ್ ಹೋಗ್ತಿತ್ತು ಅಂತ ಬರೆದಿದ್ದಾಳೆ, ಅದನ್ನು ಅಲ್ಲಿ ಸಹಿ ಮಾಡಿ ತಗೊಂಡವರು ಯಾರು, ಅದರಲ್ಲಿ ಸಂಸಾರ ಹೇಗೆ ತೂಗಿಸಿದ್ರು ಅಂತ ಒಂದು ಸಾಲೂ ಇಲ್ಲ. ನನ್ನ ಅಮ್ಮ ಅಂದ್ರೆ ಅವಳ ಅಜ್ಜಿಯೇ ಹಾಗೆ ಊರಲ್ಲಿ ಹದಿನಾಲ್ಕು ವರ್ಷ ಕಾದವರು. ಅವಳು ತುಂಬಾ ಹೊತ್ತು ಆ ಖಾಲಿ ಚೌಕಗಳನ್ನೇ ನೋಡ್ತಾ ಕೂತಿದ್ದಳು, ಆಮೇಲೆ ಎದ್ದು ಊರಿಗೆ ಫೋನ್ ಮಾಡಿದ್ಲು.

ಇದಕ್ಕಾಗಿಯೇ ನಾನು ಜಾಗದ ಪರವಾಗಿ ಇಷ್ಟು ಹೇಳುದು. ಪಟ್ಟಿ ಮಾಡಿದ್ರೆ ಇರುವುದು ಮಾತ್ರ ಕಾಣ್ತದೆ, ಇಲ್ಲದ್ದು ಕಾಣುದಿಲ್ಲ. ಚೌಕ ಹಾಕಿದ್ರೆ ಇಲ್ಲದ್ದಕ್ಕೂ ಒಂದು ಜಾಗ ಇರ್ತದೆ.

ಬಾಣದ ಮೇಲೆ ಬರೀರಿ

ಒಂದು ಗುಂಪಿನಿಂದ ಇನ್ನೊಂದಕ್ಕೆ ಬಾಣ ಎಳೆಯುದು ಸುಲಭ, ಅದಕ್ಕೇ ಎಲ್ಲರೂ ಎಲ್ಲಾ ಕಡೆ ಎಳೀತಾರೆ, ಕೊನೆಗೆ ಜೇಡರ ಬಲೆ ಆಗ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೋವಾಕ್ 1970ರ ದಶಕದಲ್ಲಿ ಮಕ್ಕಳ ವಿಜ್ಞಾನ ಕಲಿಕೆ ಅಧ್ಯಯನ ಮಾಡುವಾಗ ರೂಪಿಸಿದ ಕಾನ್ಸೆಪ್ಟ್ ಮ್ಯಾಪ್‌ನಲ್ಲಿ ಒಂದು ಒಳ್ಳೆ ನಿಯಮ ಉಂಟು: ಪ್ರತಿ ಗೆರೆಯ ಮೇಲೂ ಸಂಬಂಧ ಏನು ಅಂತ ಬರೀಬೇಕು. "ಇದರಿಂದ ಹುಟ್ಟಿತು", "ಇದನ್ನು ತಡೆಯಿತು", "ಇದಕ್ಕೆ ದುಡ್ಡು ಕೊಟ್ಟಿತು". ಬರೀಲಿಕ್ಕೆ ಶಬ್ದ ಸಿಗದಿದ್ರೆ ಬಾಣ ಅಳಿಸಿ. ನಮ್ಮದರಲ್ಲಿ ಮೂವತ್ತು ಚಿಲ್ಲರೆ ಬಾಣ ಹನ್ನೊಂದಕ್ಕೆ ಇಳೀತು.

ಬಣ್ಣದ ವಿಷಯ ಚಿಕ್ಕದಾಗಿ ಹೇಳಿ ಮುಗಿಸ್ತೇನೆ. ಮುಂಬೈಯಲ್ಲಿ 1890ರಿಂದ ನಡೀತಾ ಬಂದ ಡಬ್ಬಾವಾಲಾರ ಡಬ್ಬದ ಮುಚ್ಚಳ ನೋಡಿ, ಒಂದೆರಡು ಬಣ್ಣ, ಕೆಲವು ಅಕ್ಷರ, ಕೆಲವು ಅಂಕಿ, ಅದರಲ್ಲೇ ಎಲ್ಲಿಂದ ಬಂತು, ಯಾವ ಸ್ಟೇಷನ್ನಿನಲ್ಲಿ ಇಳೀಬೇಕು, ಯಾವ ಕಟ್ಟಡ, ಎಷ್ಟನೇ ಮಾಳಿಗೆ ಎಲ್ಲಾ ಉಂಟು. ಯಾವ ಗುರುತೂ ಚಂದಕ್ಕೆ ಇಟ್ಟದ್ದಲ್ಲ. ನೀವೂ ಮೂರೇ ಬಣ್ಣ ಇಟ್ಕೊಳ್ಳಿ, ನಾವು ನೀಲಿ ಅಂದ್ರೆ ಅವರೇ ಹೇಳಿದ್ದು, ಹಸಿರು ಅಂದ್ರೆ ದಾಖಲೆಯಲ್ಲಿ ಸಿಕ್ಕಿದ್ದು, ಕೆಂಪು ಅಂದ್ರೆ ನಮ್ಮ ಊಹೆ ಅಂತ ಇಟ್ಟಿದ್ದೆವು. ಕೆಂಪು ಎಲ್ಲಿ ಜಾಸ್ತಿ ಆಯ್ತೋ ಅಲ್ಲಿ ಇನ್ನೂ ಕೆಲಸ ಬಾಕಿ ಅಂತ ದೂರದಿಂದಲೇ ಗೊತ್ತಾಗ್ತಿತ್ತು.

ಬಾಯಲ್ಲಿ ಹೇಳ್ಬೇಕಾದ್ರೆ

ವೈವಾ, ಇಂಟರ್‌ವ್ಯೂ, ಸಂಘದ ಸಭೆಯಲ್ಲಿ ಭಾಷಣ, ಇಲ್ಲೆಲ್ಲ ಹಾಳೆ ಕೈಯಲ್ಲಿ ಇರುದಿಲ್ಲ. ಇದಕ್ಕೆ ಗ್ರೀಕರ ಕಾಲದ ಒಂದು ಉಪಾಯ ಉಂಟು. ಸಿಮೊನಿಡೀಸ್ ಅನ್ನುವ ಕವಿ ಔತಣದಿಂದ ಹೊರಗೆ ಬಂದ ಕೂಡ್ಲೇ ಮಾಡು ಕುಸಿದು ಒಳಗಿದ್ದವರೆಲ್ಲ ಸತ್ರಂತೆ, ಗುರುತು ಸಿಗದ ಹೆಣಗಳನ್ನು ಯಾರು ಎಲ್ಲಿ ಕೂತಿದ್ರು ಅನ್ನುವ ನೆನಪಿನಿಂದ ಅವನು ಗುರುತಿಸಿದನಂತೆ. ರೋಮಿನ ಸಿಸೆರೊ ಈ ಕಥೆ ಹೇಳಿ, ಭಾಷಣ ನೆನಪಿಡ್ಲಿಕ್ಕೂ ಇದೇ ದಾರಿ ಅಂತಾನೆ: ಗೊತ್ತಿರುವ ಜಾಗಗಳನ್ನು ಸಾಲಾಗಿ ತಗೊಂಡು ಒಂದೊಂದರಲ್ಲಿ ಒಂದೊಂದು ಮಾತು ಇಡುದು.

ನಮಗೆ ಸೆಂಟ್ರಲ್ ಲೈನಿಗಿಂತ ಗೊತ್ತಿರುವ ಸಾಲು ಯಾವುದುಂಟು? ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಲ್ವಾ, ಥಾಣೆ. ಆರು ಸ್ಟೇಷನ್, ಆರು ಮಾತು. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಜಾವ 3ಕ್ಕೆ ಕೊಡ ಹಿಡಿದು ನಿಂತ ಹುಡುಗರ ಸಾಲು, ದಿವಾದಲ್ಲಿ ಸ್ಲೇಟು ಹಿಡಿದು ಗಾಡಿಗೆ ಹತ್ತುವ ಹೋಟೆಲ್ ಮಾಣಿ, ಮುಂಬ್ರಾ ಗುಡ್ಡದ ಮೇಲೆ ಹೊಗೆ ನಿಂತುಹೋದ ಗಿರಣಿ ಚಿಮಣಿ, ಕಲ್ವಾ ದಾಟಿ ಖಾಡಿಯ ಸೇತುವೆ ಮೇಲೆ ಮನಿಯಾರ್ಡರ್ ಕಾಗದ ಹಿಡ್ಕೊಂಡು ನಿಂತ ಅಜ್ಜಿ. ಚಿತ್ರ ಸ್ವಲ್ಪ ವಿಚಿತ್ರ ಇದ್ದಷ್ಟು ಗಟ್ಟಿ ಕೂರ್ತದೆ. ಅವಳು ದಿನಾ ಲೋಕಲ್‌ನಲ್ಲಿ ಹೋಗುವಾಗ ಬರುವಾಗ ಅದನ್ನೇ ಒಂದು ಸಲ ನೋಡ್ಕೊಂಡು ಹೋದ್ಲು, ವೈವಾದ ದಿನ ಎದುರಿನವರು ನಡುವೆ ಪ್ರಶ್ನೆ ಹಾಕಿ ದಾರಿ ತಪ್ಪಿಸಿದ್ರೂ ಯಾವ ಸ್ಟೇಷನ್ನಿನಲ್ಲಿ ಇದ್ದೆ ಅಂತ ಗೊತ್ತಿದ್ದದ್ದಕ್ಕೆ ವಾಪಸ್ ಹತ್ತಿದ್ಲು.

ಮನೆಯ ಕೆಲಸಕ್ಕೂ ಇದು ಆಗ್ತದೆ. ನಮ್ಮ ಅತ್ತೆಯವರ ಶುಗರ್ ರಿಪೋರ್ಟುಗಳು ಒಂದು ಫೈಲಿನಲ್ಲಿ ಹಿಂದೆ ಮುಂದೆ ಆಗಿ ಬಿದ್ದಿದ್ದವು, ಡಾಕ್ಟರ್ ಯಾವಾಗಿಂದ ಏರಿತು ಅಂತ ಕೇಳಿದಾಗ ಅಲ್ಲೇ ಕೂತು ತಡಕಾಡ್ಬೇಕಾಯ್ತು. ಈಗ ಒಂದೇ ಹಾಳೆ, ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಶುಗರ್, ಚುಕ್ಕಿ ಇಟ್ಟು ಗೆರೆ ಸೇರಿಸಿದ್ದೇನೆ, ಮಾತ್ರೆ ಬದಲಿಸಿದ ದಿನ ಸಣ್ಣ ಬಾಣ. ಡಾಕ್ಟರು ನೋಡಿದ್ದು ಒಂದೇ ನಿಮಿಷ, ಯಾವ ಮಾತ್ರೆ ಬದಲಿಸಿದ ಮೇಲೆ ಹೀಗಾಯ್ತು ಅಂತ ಅವರೇ ಬೆರಳಿಟ್ಟು ತೋರಿಸಿದ್ರು.

ನೆಲದಿಂದ ಪುಟಕ್ಕೆ

ಕೊನೆಗೆ ಎಲ್ಲವನ್ನೂ ಎತ್ತಲೇಬೇಕು, ಮನೆಗೆ ಜನ ಬರ್ತಾರೆ. ಎತ್ತುವ ಮೊದಲು ಮೇಲಿಂದ ಒಂದು ಪೂರ್ತಿ ಫೋಟೋ, ಆಮೇಲೆ ಗುಂಪು ಗುಂಪಾಗಿ ಹತ್ತಿರದಿಂದ ಫೋಟೋ ತೆಗೀರಿ. ಕಂಪ್ಯೂಟರಿನಲ್ಲಿ ಚೀಟಿ ಹಚ್ಚುವ ಆ್ಯಪ್‌ಗಳು ಬೇಕಾದಷ್ಟುಂಟು, ದೂರದೂರ ಇರುವವರು ಒಟ್ಟಿಗೆ ಮಾಡ್ಲಿಕ್ಕೆ ಅನುಕೂಲ, ಆದ್ರೆ ಮೊದಲ ಸಲ ನೆಲದ ಮೇಲೆಯೇ ಮಾಡಿ ಅಂತ ನಾನು ಹೇಳ್ತೇನೆ, ಸ್ಕ್ರೀನ್ ಸಣ್ಣದು, ಒಂದು ಮೂಲೆ ನೋಡುವಾಗ ಇನ್ನೊಂದು ಮೂಲೆ ಮರೆಯಾಗ್ತದೆ. ಚೀಟಿಗಳನ್ನು ಬರೆಯುವ ಕ್ರಮದಲ್ಲಿ ಒಂದರ ಮೇಲೊಂದು ಇಟ್ಟು ನಂಬರ್ ಹಾಕಿ, ಗುಂಪಿನ ತಲೆ ಚೀಟಿ ಅಧ್ಯಾಯದ ಮೊದಲ ವಾಕ್ಯ, ಅದರ ಕೆಳಗಿನವು ಪ್ಯಾರಾಗಳು. ಈಗ ಬರೆಯುವಾಗ ಕಣ್ಣ ಮುಂದೆ ಒಂದೇ ಚೀಟಿ ಇರ್ಲಿ.

ಒಂಟಿಯಾಗಿ ಉಳಿದ ಚೀಟಿಗಳನ್ನು ಬಿಸಾಡಬೇಡಿ. ನಮ್ಮದರಲ್ಲಿ ಒಂಬತ್ತು ಉಳಿದಿತ್ತು, ಮಿಠಾಯಿ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಮೊನ್ನೆ ಅವಳು ಬಂದಾಗ ಕೇಳಿ ತಗೊಂಡು ಹೋದ್ಲು, ಊರಿನ ಹೆಂಗಸರನ್ನು ಮಾತಾಡಿಸ್ಲಿಕ್ಕೆ ಶುರು ಮಾಡಿದ್ದಾಳೆ, ಅದರಲ್ಲಿ ನಾಲ್ಕು ಚೀಟಿಗೆ ಈಗ ಜೊತೆ ಸಿಕ್ಕಿದೆಯಂತೆ.